ರೆಕ್ಕೆ ಬಿಚ್ಚೋಕೂ ಜಾಗ ಇಲ್ಲದ ಕೋಳಿಗಳು

ಪುಣೆಗೆ ಬಂದು 9 ವರ್ಷ ಆಯ್ತು, ಇರೋದು ವಾಕಡ್‌ನಲ್ಲಿ, ಊರು ತಿಪಟೂರ ಹತ್ರ. ಹೋದ ತಿಂಗಳು ಆಫೀಸಿನ ಗೆಳೆಯನ ಜೊತೆ ಸೋಲಾಪುರ ರೋಡ್ ಕಡೆ ಅವನ ಮಾವನ ಊರಿಗೆ ಹೋಗಿದ್ದೆ, ಅವ್ರದ್ದು ಮೊಟ್ಟೆ ಕೋಳಿ ಫಾರಂ ಇದೆ, ನೋಡಿ ಬಂದಾಗಿಂದ ಮನಸ್ಸು ಸರಿ ಇಲ್ಲ.

ಶೆಡ್ಡಿನ ಬಾಗಿಲಲ್ಲೇ ಕಣ್ಣು ಉರಿ, ಹಿಕ್ಕೆಯಿಂದ ಬರೋ ಅಮೋನಿಯಾ ಅದು. ಮೂರು ಅಂತಸ್ತು ತಂತಿ ಪಂಜರ, ಒಂದೊಂದ್ರಲ್ಲಿ ನಾಲ್ಕೈದು ಕೋಳಿ, ಒಂದರ ಪಾಲಿಗೆ ಎ4 ಹಾಳೆಯಷ್ಟೂ ಜಾಗ ಬರಲ್ಲ. ಮೊಟ್ಟೆ ತಾನಾಗೇ ಉರುಳಿ ಮುಂದಕ್ಕೆ ಬರ್ಲಿ ಅಂತ ತಳ ಇಳಿಜಾರು, ಕೋಳಿ ಹಗಲೂ ರಾತ್ರಿ ಆ ಇಳಿಜಾರಿನ ತಂತಿ ಮೇಲೇ ನಿಂತಿರ್ಬೇಕು. ಒಂದು ಕೋಳಿ ನನ್ನ ಎದುರಿಗೇ ಇತ್ತು, ಫೀಡ್‌ಗೆ ಕತ್ತು ಹೊರಗೆ ಹಾಕಿ ಹಾಕಿ ಪುಕ್ಕ ಸವೆದು ಚರ್ಮ ಕೆಂಪಗೆ ಕಾಣ್ತಿತ್ತು, ಒಂದಕ್ಕೊಂದು ಕುಕ್ಕದಿರ್ಲಿ ಅಂತ ಕೊಕ್ಕಿನ ತುದಿನೂ ತೆಗೆದಿದ್ರು.

ನಮ್ಮನೇಲೂ ಕೋಳಿ ಇದ್ವು. ಮಧ್ಯಾಹ್ನ ಬೂದಿ ಗುಂಡಿಲಿ ಹೊರಳಾಡೋವು, ಮೊಟ್ಟೆ ಇಡೋ ಹೊತ್ತಿಗೆ ಕೊಟ್ಟಿಗೆ ಮೂಲೆ ಹುಡುಕ್ಕೊಂಡು ಹೋಗೋವು, ಸಂಜೆ ಅಮ್ಮ ಮಂಕರಿ ಕವುಚೋರು. ಹಬ್ಬಕ್ಕೆ ಕೊಯ್ತಿದ್ವಿ, ನಾನು ಈಗ್ಲೂ ತಿಂತೀನಿ, ನನ್ನ ಸಂಕಟ ತಿನ್ನೋದ್ರ ಬಗ್ಗೆ ಅಲ್ಲ, ಅದು ಬದುಕಿರೋ ಅಷ್ಟು ದಿನ ಹೇಗೆ ಬದುಕತ್ತೆ ಅನ್ನೋದ್ರ ಬಗ್ಗೆ. ಈ ಫಾರಂ ಕೋಳಿ ವರ್ಷಕ್ಕೆ 300ರ ಹತ್ರ ಮೊಟ್ಟೆ ಇಡತ್ತೆ, ಚಿಪ್ಪಿನ ಕ್ಯಾಲ್ಸಿಯಂ ಮೂಳೆಯಿಂದಲೂ ಹೋಗಿ ಹೋಗಿ ಮೂಳೆ ಟೊಳ್ಳಾಗತ್ತೆ. ಇದೇ ತಳಿಯ ಗಂಡು ಮರಿಗಳನ್ನ ಹ್ಯಾಚರಿಯಲ್ಲೇ ಸಾಯಿಸ್ತಾರೆ, ಮೊಟ್ಟೆಗೂ ಇಲ್ಲ ಮಾಂಸಕ್ಕೂ ಇಲ್ಲ ಅಂತ. ಫೋನಲ್ಲಿ ಅಮ್ಮಂಗೆ ಹೇಳ್ದೆ, "ಕಾವಿಗೂ ಕೂರ್ಸಲ್ವೇನೋ ಅವನ್ನ?" ಅಂದ್ರು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ, ಅಲ್ಲಾಡೋಕೆ ಆಗದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿ ಇಡೋದು ಅಪರಾಧ ಅಂತ ಇದೆ. ಯುರೋಪ್ ಒಕ್ಕೂಟದವ್ರು ಇಂಥ ಬರಿ ತಂತಿ ಪಂಜರಗಳನ್ನ 2012ರಿಂದ ನಿಲ್ಲಿಸಿದ್ದಾರೆ. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ?

ಇದನ್ನೇ ಫಾರಂ ನಡೆಸೋ ಗೆಳೆಯನ ಮಾವ, ಮಾಮಾ ಹತ್ರ ಕೇಳ್ದೆ. ಕೆಟ್ಟ ಮನುಷ್ಯ ಅಲ್ಲ ಅವ್ರು, ನಮಗೆ ಊಟ ಹಾಕಿ ಕಳಿಸಿದ್ರು. ಮೆಕ್ಕೆಜೋಳ, ಸೋಯಾ ರೇಟು ಏರ್ತಾನೇ ಇದೆ, ಶೆಡ್ಡಿನ ಸಾಲ ಇದೆ, ನೆಲದ ಮೇಲೆ ಬಿಟ್ಟು ಸಾಕಿದ್ರೆ ಇದೇ ಜಾಗಕ್ಕೆ ಅರ್ಧ ಕೋಳಿನೂ ಹಿಡಿಯಲ್ಲ, ಮೊಟ್ಟೆಗೆ ಎರಡು ರೂಪಾಯಿ ಜಾಸ್ತಿ ಯಾರು ಕೊಡ್ತಾರೆ ಹೇಳು ಅಂದ್ರು. ಶಾಲೆ ಮಕ್ಕಳ ಊಟದ ಮೊಟ್ಟೆ ನೆನಪಾಯ್ತು, ರೇಟು ಏರಿದ್ರೆ ಮೊದಲು ಖಾಲಿ ಆಗೋದು ಆ ತಟ್ಟೆ, ಹಂಗಾಗಬಾರ್ದು. ಆ ಎರಡು ರೂಪಾಯಿ ಕೊಡ್ಬೇಕಾದವ್ರು ನಮ್ಮಂಥ ಸಂಬಳದವ್ರು, ಮಕ್ಕಳ ಪಾಲಿಂದು ಸರ್ಕಾರ.

ಈಗ ನಾವು ಮೊಟ್ಟೆ ಕಮ್ಮಿ ಮಾಡಿ, ಇಲ್ಲಿ ಗಾವ್ರಾನ್ ಅಂತಾರಲ್ಲ, ನಾಟಿ ಮೊಟ್ಟೆ, ಅದನ್ನ ಕೋಳಿ ಬಿಟ್ಟು ಸಾಕೋ ಮನೆಯಿಂದಲೇ ತರ್ತೀವಿ. ಬಣ್ಣ ನೋಡಿ ನಂಬ್ಬೇಡಿ, ಕಂದು ಮೊಟ್ಟೆ ಇಡೋ ಪಂಜರದ ಕೋಳಿಗಳೂ ಇವೆ. ಊರ ಕಡೆ ಸಾವಿರದಷ್ಟು ಕೋಳಿ ಬಿಟ್ಟು ಸಾಕೋರು ಯಾರಾದ್ರೂ ಇದ್ರೆ ಖರ್ಚು ಎಷ್ಟು, ಕೈಗೆ ಉಳಿಯೋದು ಎಷ್ಟು ಅಂತ ದಯವಿಟ್ಟು ಬರೀರಿ, ದೀಪಾವಳಿಗೆ ಮತ್ತೆ ಹೋಗ್ತಿದೀನಿ, ಮಾಮಾಗೆ ತೋರಿಸ್ಬೇಕು.