ಒಂದೇ ಗುಳಿಗೆ ಸಾಲದಾ ಡಾಕ್ಟ್ರೇ?

ನಾನು ಶಿವಮೊಗ್ಗದಲ್ಲಿ ಮನೋವೈದ್ಯೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಸ್ಕಿಜೋಫ್ರೇನಿಯಾಕ್ಕೆ, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ ಸಂಶಯ ಕಾಡುವ ಮನೋರೋಗಕ್ಕೆ, ಒಂದೇ ಔಷಧಿ ಸಾಕಾ, ಎರಡು ಸೇರಿಸಿ ಕೊಟ್ಟರೆ ಬೇಗ ಗುಣ ಆಗುತ್ತದಾ? ನನ್ನ ಉತ್ತರ ಇಷ್ಟು. ಒಂದರಿಂದ ಶುರು ಮಾಡಬೇಕು, ಆದಷ್ಟು ಒಂದರಲ್ಲೇ ಇರಬೇಕು. ಎರಡನೆಯದು ಸೇರಿದರೆ ಅದು ಯಾಕೆ, ಎಲ್ಲಿಯವರೆಗೆ ಅಂತ ಡಾಕ್ಟರಿಗೆ ಹೇಳಲು ಬರಬೇಕು.

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಬಂದಿದ್ದರು. ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು. ಕತ್ತರಿಯಲ್ಲಿ ತುಂಡು ಮಾಡಿದ ಸ್ಟ್ರಿಪ್‌ಗಳು, ಐದು ಬಗೆ. "ಎಂತಕ್ಕೆ ಡಾಕ್ಟ್ರೇ ಇಷ್ಟೆಲ್ಲ? ಅನ್ನಕ್ಕಿಂತ ಗುಳಿಗೆಯೇ ಜಾಸ್ತಿ ಆಯ್ತು ಇವನಿಗೆ." ಮಗ ಪಕ್ಕದಲ್ಲಿ ಕೂತಿದ್ದ. ಕೈ ನಡುಗುತ್ತಿತ್ತು, ಮುಖ ಬಿಗಿದಿತ್ತು. ಮೊದಲು ಚುರುಕಾಗಿ ಅಡಿಕೆ ಸುಲಿಯುತ್ತಿದ್ದವನು ಈಗ ಮೆಟ್ಟುಗತ್ತಿಯ ಮುಂದೆ ಕೂರುವುದನ್ನೇ ಬಿಟ್ಟಿದ್ದನಂತೆ.

ಐದನ್ನೂ ವಿಂಗಡಿಸಿದೆವು. ಒಂದು ನಿದ್ರೆಗೆ, ಒಂದು ಗ್ಯಾಸಿಗೆ. ಇನ್ನೊಂದು ಟ್ರೈಹೆಕ್ಸಿಫೆನಿಡಿಲ್, ಅದು ನಡುಕ ತಡೆಯಲು. ಈ ಕಾಯಿಲೆಯ ಔಷಧಿ ಅಂತ ಉಳಿದದ್ದು ಎರಡೇ, ರಿಸ್ಪೆರಿಡೋನ್ ಮತ್ತು ಒಲಾಂಜಪಿನ್. ಹಳೆಯ ಚೀಟಿಗಳಲ್ಲಿ ಕತೆ ಇತ್ತು. ಮೊದಲನೆಯದು ಅಷ್ಟಾಗಿ ಹಿಡಿಯಲಿಲ್ಲ ಅಂತ ಎರಡನೆಯದನ್ನು ಶುರು ಮಾಡಿದ್ದರು. ಹೀಗೆ ಬದಲಿಸುವಾಗ ಹೊಸದನ್ನು ಏರಿಸುತ್ತಾ ಹಳೆಯದನ್ನು ನಿಧಾನಕ್ಕೆ ಇಳಿಸುವುದು ಸರಿಯಾದ ಕ್ರಮವೇ. ಆದರೆ ಎರಡೂ ಇದ್ದಾಗ ಹುಡುಗ ಸ್ವಲ್ಪ ಶಾಂತನಾದ. ಅಲ್ಲಿಗೆ ಹಳೆಯದನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ಮೂರು ವರ್ಷ ಹಾಗೇ ನಡೆಯಿತು. ನಾನು ನೋಡುವ ಜೋಡಿ ಔಷಧಿಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ. ಯಾರೂ ಬೇಕು ಅಂತ ತೀರ್ಮಾನಿಸಿದ್ದಲ್ಲ.

ಈ ಔಷಧಿಗಳಲ್ಲಿ ಹೆಚ್ಚಿನವು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೂರುವ ಜಾಗವನ್ನು ಅಡ್ಡಗಟ್ಟುತ್ತವೆ. ಅಂಥ ಜಾಗಗಳಲ್ಲಿ ಸುಮಾರು 65ರಿಂದ 80 ಶೇಕಡ ಮುಚ್ಚಿದರೆ ಸಾಮಾನ್ಯವಾಗಿ ಸಾಕು. ಅದನ್ನು ದಾಟಿದರೆ ಜಾಸ್ತಿಯಾಗುವುದು ನಡುಕ, ಬಿಗಿತ. ಆ ನಡುಕಕ್ಕೆ ಮತ್ತೊಂದು ಗುಳಿಗೆ. ಅದರಿಂದ ಮಲಬದ್ಧತೆ, ಮರೆವು. ಕವರ್ ತುಂಬುವುದು ಹೀಗೆ.

ಹಾಗಂತ ಎರಡು ಕೊಟ್ಟವರೆಲ್ಲ ತಪ್ಪು ಮಾಡಿದ್ದಾರೆ ಅಂತ ದಯವಿಟ್ಟು ತಿಳಿಯಬೇಡಿ. ಫಿನ್ಲೆಂಡಿನಲ್ಲಿ 62,250 ಜನರ ದಾಖಲೆ ನೋಡಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ಲೋಜಪಿನ್, ಅರಿಪಿಪ್ರಜೋಲ್ ಎರಡೂ ಇದೇ ಕಾಯಿಲೆಯ ಔಷಧಿಗಳು. ಅವೆರಡನ್ನು ಜೊತೆಗೆ ತೆಗೆದುಕೊಳ್ಳುವಾಗ ಜನ ಮತ್ತೆ ಆಸ್ಪತ್ರೆ ಸೇರಿದ್ದು ಎಲ್ಲಕ್ಕಿಂತ ಕಡಿಮೆ. ದಾಖಲೆ ನೋಡಿ ಹೇಳಿದ್ದು ಅದು, ಎರಡು ಗುಂಪು ಮಾಡಿ ಹೋಲಿಸಿದ್ದಲ್ಲ. ಆದರೂ ತಳ್ಳಿಹಾಕುವ ಮಾತಲ್ಲ. ಇನ್ನೊಂದು ಕಡೆ, 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಎರಡು ಔಷಧಿ ನುಂಗುತ್ತಿದ್ದ 127 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಒಂದನ್ನು ಬಿಡಿಸಿದರು. ಆರು ತಿಂಗಳಾದ ಮೇಲೂ ಆ ಗುಂಪಿನ ಮೂರರಲ್ಲಿ ಇಬ್ಬರು ಒಂದರಲ್ಲೇ ಇದ್ದರು, ತೂಕವೂ ಇಳಿದಿತ್ತು. ಆಗದವರಲ್ಲಿ ಹೆಚ್ಚಿನವರು ಹಳೆಯ ಜೋಡಿಗೇ ಮರಳಿದರು. ಅಂದರೆ ಪ್ರಯತ್ನ ಮಾಡಿ ನೋಡಬಹುದು, ಅಲ್ವಾ?

ಎರಡನೆಯದನ್ನು ಸೇರಿಸುವ ಮೊದಲು ಇನ್ನೊಂದು ವಿಷಯ. ಮೊದಲನೆಯದು ಹೊಟ್ಟೆಗೆ ಹೋಗಿದೆಯಾ? ಒಂದು ಮನೆಯಲ್ಲಿ ಬಚ್ಚಲೊಲೆಯ ಹಿಂದೆ, ಬೂದಿ ಮೆತ್ತಿದ ಒಂದು ಹಿಡಿ ಮಾತ್ರೆ ಸಿಕ್ಕಿದವು. ಔಷಧಿ ಸೋತಿರಲಿಲ್ಲ, ಒಳಗೇ ಹೋಗಿರಲಿಲ್ಲ. ಬೀಡಿಯನ್ನೂ ಕೇಳಬೇಕು. ಬೀಡಿ, ಸಿಗರೇಟಿನ ಹೊಗೆಯಿಂದ ಒಲಾಂಜಪಿನ್, ಕ್ಲೋಜಪಿನ್ ರಕ್ತದಲ್ಲಿ ಕಡಿಮೆಯಾಗುತ್ತವೆ.

ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ತಲಾ ಆರು ವಾರವಾದರೂ ಕೊಟ್ಟು ನೋಡಿಯೂ ಆಗದಿದ್ದರೆ ಮುಂದಿನ ಹೆಜ್ಜೆ ಕ್ಲೋಜಪಿನ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬೇರೆಯದಕ್ಕೆ ಜಗ್ಗದ ಕಾಯಿಲೆಯಲ್ಲಿ ಇದು ಕೆಲಸ ಮಾಡುತ್ತದೆ ಅಂತ 1988ರಲ್ಲೇ ತೋರಿಸಿದ್ದಾರೆ. ತೊಂದರೆ ಇರುವುದು ರಕ್ತ ಪರೀಕ್ಷೆಯದು. ಅಪರೂಪಕ್ಕೆ ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದಕ್ಕೇ ಮೊದಲ 18 ವಾರ ಸಾಮಾನ್ಯವಾಗಿ ವಾರಕ್ಕೊಮ್ಮೆ ರಕ್ತ ನೋಡುತ್ತೇವೆ. ಆಗುಂಬೆ ಕಡೆಯವರಿಗೆ ಜುಲೈ ಮಳೆಯಲ್ಲಿ ಪ್ರತಿ ವಾರ ಬಸ್ಸು ಹಿಡಿಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಕಷ್ಟ ತಪ್ಪಿಸಲು ಎರಡು ಹಳೆಯ ಔಷಧಿಗಳನ್ನೇ ಸೇರಿಸಿ ಎಷ್ಟೋ ವರ್ಷ ತಳ್ಳುತ್ತಾರೆ. ಅದು ನನಗೆ ತುಂಬಾ ಸಂಕಟ ಕೊಡುತ್ತದೆ. ಹತ್ತಿರದ ಲ್ಯಾಬಿನಲ್ಲೇ ರಕ್ತ ಕೊಟ್ಟು ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿ ಅಂತ ನಾನೇ ಹೇಳುತ್ತೇನೆ.

ಆ ಹುಡುಗನಿಗೆ ರಿಸ್ಪೆರಿಡೋನ್ ಬಿಡಿಸಲು ಮೂರು ತಿಂಗಳು ಹಿಡಿಯಿತು. ನಡುವೆ ಒಮ್ಮೆ ನಿದ್ದೆ ಕೆಟ್ಟು ಎರಡು ವಾರ ಇಳಿಸುವುದನ್ನು ನಿಲ್ಲಿಸಿದೆವು. ಆಮೇಲೆ ನಡುಕದ ಗುಳಿಗೆಯೂ ಹೋಯಿತು. ಈ ಸಲದ ಕೊಯ್ಲಿಗೆ ಅವನು ಸುಲಿಯಲು ಕೂತಿದ್ದಾನೆ, ಮೊದಲಿನಷ್ಟು ವೇಗ ಇನ್ನೂ ಬಂದಿಲ್ಲ.

ಇದನ್ನು ಓದಿ ಮನೆಯಲ್ಲಿ ಸುಮ್ನೆ ಒಂದು ಮಾತ್ರೆ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ರಾತ್ರಿ ಹೊತ್ತು ಏನು ಮಾಡುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಆ ಕವರ್ ಪೂರ್ತಿ ತೆಗೆದುಕೊಂಡು ಹೋಗಿ, ಹಳೆಯ ಚೀಟಿಗಳನ್ನೂ. ಒಂದೊಂದನ್ನೇ ಎತ್ತಿ ತೋರಿಸಿ, ಇದು ಯಾಕೆ ಅಂತ ಕೇಳಿ.