ಹೋಗುವಾಗ ಎರಡು ಗಂಟೆ, ಬರುವಾಗ ಐದು

ಉಡುಪಿ ಹತ್ತಿರದ ಕಟಪಾಡಿಯಲ್ಲಿ ನನ್ನದೊಂದು ಸಣ್ಣ ಟಿಕೆಟ್ ಬುಕ್ಕಿಂಗ್ ಅಂಗಡಿ. ಮಗ ದುಬೈಯಲ್ಲಿರುವ ಒಬ್ಬರು ಅಮ್ಮ ಮೊನ್ನೆ ಟಿಕೆಟಿನ ಪ್ರಿಂಟ್ ಹಿಡಿದುಕೊಂಡು ಬಂದರು. "ಹೋಗುವಾಗ ಎರಡು ಗಂಟೆ, ಬರುವಾಗ ಐದು ಗಂಟೆ ಉಂಟಲ್ಲ ಮಗಾ, ಬರುವ ವಿಮಾನ ಹಳೇದಾ?"

"ವಿಮಾನ ಎರಡೂ ಒಂದೇ ಅಮ್ಮ, ಗಡಿಯಾರ ಬೇರೆ" ಅಂದೆ. ಟಿಕೆಟಿನಲ್ಲಿ ಹೊರಡುವ ಸಮಯ ಇಲ್ಲಿಯದು, ಇಳಿಯುವ ಸಮಯ ಅಲ್ಲಿಯದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ 8.10ಕ್ಕೆ ಹೊರಟು 10.20ಕ್ಕೆ ಇಳಿಯುವುದಾದರೆ ಒಂದೂವರೆ ಗಂಟೆ ಸೇರಿಸಿ, ಮೂರು ಗಂಟೆ ನಲ್ವತ್ತು ನಿಮಿಷ. ಅಲ್ಲಿಂದ 11.20ಕ್ಕೆ ಹೊರಟು ಬೆಳಿಗ್ಗೆ 4.20ಕ್ಕೆ ಇಲ್ಲಿ ಇಳಿದರೆ ಅದನ್ನೇ ಕಳೆಯಿರಿ, ಮೂರೂವರೆ ಗಂಟೆ. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳುವುದರಿಂದ ಬರುವ ವಿಮಾನವೇ ತುಸು ಬೇಗ!

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈಗೆ ನೇರ ಗೆರೆ ಎಳೆದರೆ ಸುಮಾರು 2,460 ಕಿ.ಮೀ., ಹೆಚ್ಚಿನದೆಲ್ಲ ಕಡಲ ಮೇಲೆ. ಮೇಲೇರಿದ ವಿಮಾನ ಗಂಟೆಗೆ 800 ಕಿ.ಮೀ.ಗಿಂತ ಜೋರಾಗಿ ಹೋಗುತ್ತದೆ, ಆ ಲೆಕ್ಕಕ್ಕೆ ಮೂರು ಗಂಟೆ ಸಾಕು. ಆದರೆ ಟಿಕೆಟಿನ ಸಮಯ ಅಂದರೆ ವಿಮಾನ ಇಲ್ಲಿ ಕದಲಿದಲ್ಲಿಂದ ಅಲ್ಲಿ ಹೋಗಿ ನಿಲ್ಲುವವರೆಗೆ. ರನ್‌ವೇ ತನಕ ತೆವಳುವುದು, ಏರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಅದರೊಳಗೇ.

ಮೊದಲೆಲ್ಲ ನಮ್ಮವರು ದುಬೈಗೆ ಹೋಗುತ್ತಿದ್ದದ್ದು ಬೊಂಬಾಯಿ ಮೇಲಿಂದ. ಬಜಪೆಯ ಹಳೇ ರನ್‌ವೇ ಸುಮಾರು 1,600 ಮೀಟರ್. 2006ರಲ್ಲಿ 2,450 ಮೀಟರಿನ ಹೊಸದು ಬಂತು, ಆ ವರ್ಷವೇ ನೇರ ವಿಮಾನವೂ ಶುರುವಾಯಿತು. ತಮಾಷೆ ನೋಡಿ, ಮಂಗಳೂರಿನಿಂದ ಮುಂಬೈಗೆ 715 ಕಿ.ಮೀ., ಅಲ್ಲಿಂದ ದುಬೈಗೆ ಸುಮಾರು 1,930. ಕೂಡಿಸಿದರೆ ನೇರ ದಾರಿಗಿಂತ ಇನ್ನೂರು ಕಿ.ಮೀ. ಕೂಡ ಹೆಚ್ಚಿಲ್ಲ. ಸಮಯ ಮಾತ್ರ ಮುಂಬೈಯಲ್ಲಿ ಇಳಿದು, ಕಾದು, ಮತ್ತೆ ಹತ್ತುವಷ್ಟರಲ್ಲಿ ಡಬಲ್. ನಾಲ್ಕು ಕಾಸು ಉಳಿಯುತ್ತದೆ ಅಂತ ವಯಸ್ಸಾದವರನ್ನು ಆ ದಾರಿಯಲ್ಲಿ ಕಳಿಸುವ ಮಕ್ಕಳಿಗೆ ನಾನು ಬೇಡ ಅಂತಲೇ ಹೇಳುವುದು. ಕಮಿಷನ್ ನನಗೆ ಎರಡರಲ್ಲೂ ಅಷ್ಟಕ್ಕಷ್ಟೇ ಮಾರಾಯ್ರೆ.

ಮನೆಯಿಂದ ಬಜಪೆಗೆ ಹೋಗುವುದು ಯಾವ ಟಿಕೆಟಿನಲ್ಲೂ ಬರೆದಿರುವುದಿಲ್ಲ. ಮುಲ್ಕಿ, ಕಿನ್ನಿಗೋಳಿ ಮೇಲಿಂದ ನಮಗೆ ಒಂದೂವರೆ ಗಂಟೆ ಬೇಕು. ಕಟೀಲಿನಲ್ಲಿ ಇಳಿದು ಅಮ್ಮನವರಿಗೆ ಕೈಮುಗಿಯುವವರು ಇನ್ನರ್ಧ ಗಂಟೆ ಸೇರಿಸಿ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಅಂದರೆ ರಾತ್ರಿ 8.10ರ ವಿಮಾನಕ್ಕೆ ಮಧ್ಯಾಹ್ನ ಮೂರೂವರೆಗೇ ಮನೆ ಬಿಡಬೇಕು.

ಬೆಂಗಳೂರಿಗೆ ಕೇಳಿದರೆ ಹೆಚ್ಚಿನವರಿಗೆ ನಾನು ರಾತ್ರಿ ಬಸ್ಸೇ ಹೇಳುವುದು. ಆಕಾಶದಲ್ಲಿ ಬರೇ 300 ಕಿ.ಮೀ., ಒಂದು ಗಂಟೆಯ ದಾರಿ. ಆದರೆ ಈ ಕಡೆ ಬಜಪೆ, ಆ ಕಡೆ ದೇವನಹಳ್ಳಿಯಿಂದ ಜಯನಗರ ಅಂತ ಕೂಡಿಸುತ್ತಾ ಹೋದರೆ ಅರ್ಧ ದಿನ ಹೋಯಿತು. ಬಸ್ಸಿನಲ್ಲಾದರೆ ನಿದ್ದೆಯಾದರೂ ಆಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಾತ್ರ ಎಲ್ಲರೂ ವಿಮಾನಕ್ಕೇ ಓಡಿ ಬರುತ್ತಾರೆ. ಆಗ ಟಿಕೆಟ್ ದರ ಹೇಳಲು ನನಗೇ ಬಾಯಿ ಬರುವುದಿಲ್ಲ.