ಕಡಲಿಗೆ ಚಾಚಿದ ಮಸೀದಿ

ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಎರಡನೇ ಹಸನ್ ಮಸೀದಿಗೆ ದಾರಿ ಕೇಳಬೇಕಾಗಿಯೇ ಬರಲಿಲ್ಲ. 200 ಮೀಟರಿನಷ್ಟು ಎತ್ತರದ ಮಿನಾರು ಕಟ್ಟಡಗಳ ಸಂದಿಯಿಂದ ಇಣುಕುತ್ತಲೇ ಇತ್ತು. ಫ್ರೆಂಚ್ ವಾಸ್ತುಶಿಲ್ಪಿ ಮಿಶೆಲ್ ಪಿನ್ಸೋ ರೂಪಿಸಿದ ಈ ಮಸೀದಿ ಉದ್ಘಾಟನೆಯಾದದ್ದು 1993ರಲ್ಲಿ. ದೇವರ ಸಿಂಹಾಸನ ನೀರಿನ ಮೇಲಿತ್ತು ಎಂಬ ಕುರಾನಿನ ಮಾತು ಇದನ್ನು ಕಟ್ಟಿಸಿದ ಅರಸ ಎರಡನೇ ಹಸನ್‌ನ ಮನಸ್ಸಿನಲ್ಲಿತ್ತು. ಹಾಗಾಗಿ ಕಟ್ಟಡದ ಒಂದು ಭಾಗ ಅಟ್ಲಾಂಟಿಕ್ ಕಡಲನ್ನೇ ಒತ್ತರಿಸಿಕೊಂಡು ನಿಂತಿದೆ. ಖರ್ಚಿಗೆ ಪ್ರಜೆಗಳಿಂದ ವಂತಿಗೆ ಎತ್ತಿದ್ದಕ್ಕೆ ಗೊಣಗಾಟವೂ ಇತ್ತಂತೆ.

ಮುಸ್ಲಿಮೇತರರಿಗೆ ಪ್ರಾರ್ಥನೆಯ ಹೊತ್ತು ಬಿಟ್ಟು, ಮಾರ್ಗದರ್ಶಿಯ ಜೊತೆಗೆ ಮಾತ್ರ ಪ್ರವೇಶ. ಚಪ್ಪಲಿಯನ್ನು ಚೀಲದಲ್ಲಿ ಹಿಡಿದು ಒಳಗೆ ಹೋದೆವು. 25,000 ಜನ ಒಟ್ಟಿಗೆ ನಮಾಜು ಮಾಡಬಹುದಾದ ಸಭಾಂಗಣ, ಮೋಟಾರಿನಿಂದ ಸರಿದು ಆಕಾಶ ತೋರಿಸುವ ಛಾವಣಿ, ರಾತ್ರಿ ಮಿನಾರಿನ ತುದಿಯಿಂದ ಮೆಕ್ಕಾದ ಕಡೆಗೆ ಹಾಯುವ ಲೇಸರ್ ಕಿರಣ: ನಮ್ಮ ಮಾರ್ಗದರ್ಶಿಯ ಉತ್ಸಾಹವೆಲ್ಲ ಇವುಗಳ ಮೇಲೆಯೇ.

ನನಗೋ ಗೋಡೆ ಬಿಟ್ಟು ಕದಲಲು ಮನಸ್ಸಿಲ್ಲ. ಕೆಳಗೆ ಜೆಲ್ಲೀಜ್ ಎಂಬ ಹೆಂಚಿನ ಚೂರುಗಳ ಚಿತ್ತಾರ, ಅದರ ಮೇಲೆ ಕೆತ್ತಿದ ಗಾರೆ, ಎಲ್ಲಕ್ಕೂ ಮೇಲೆ ಅಟ್ಲಾಸ್ ಬೆಟ್ಟಗಳ ದೇವದಾರು ಮರಕ್ಕೆ ಬಣ್ಣ ಬರೆದ ಕೆತ್ತನೆ. ಇದು ಅಲ್ಲಿನ ಹಳೆಯ ಕಟ್ಟಡಗಳ ಕ್ರಮವೇ. ಜೆಲ್ಲೀಜ್‌ಗೆ ಮುಖವಿಟ್ಟು ನೋಡಿದರೆ ಹಸಿರು ನಕ್ಷತ್ರದ ಒಂದು ಮೊನೆ ಮೊಂಡು, ಪಕ್ಕದ್ದು ಚೂಪು. ಮೆರುಗಿನಲ್ಲೂ ಒಂದು ಚೂರು ಗಾಢ, ಇನ್ನೊಂದು ತಿಳಿ. ಹೆಂಚನ್ನು ಸುತ್ತಿಗೆಯಿಂದ ಕೊಚ್ಚಿ ಒಂದೊಂದೇ ಚೂರನ್ನು ರೂಪಿಸುತ್ತಾರೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಚೂರುಗಳನ್ನು ಬಣ್ಣದ ಮುಖ ಕೆಳಗಾಗಿ ಜೋಡಿಸಿ ಬೆನ್ನಿಗೆ ಗಾರೆ ಸುರಿಯುತ್ತಾರೆ. ಅಂದರೆ ಕುಶಲಕರ್ಮಿ ಇಡೀ ವಿನ್ಯಾಸವನ್ನು ಕುರುಡಾಗಿ, ಬರೀ ನೆನಪಿನ ಬಲದಿಂದ ಕೂಡಿಸುತ್ತಾನೆ! ಛಾವಣಿ ಸರಿಸುವ ಮೋಟಾರಿಗಿಂತ ಇದೇ ನನಗೆ ದೊಡ್ಡ ಯಂತ್ರವಾಗಿ ಕಂಡಿತು.

ನೆಲಮಾಳಿಗೆಯಲ್ಲಿ ವುಜೂಗಾಗಿ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು, ಕಮಲದಾಕಾರದ ಅಮೃತಶಿಲೆಯ ಕಾರಂಜಿಗಳಿವೆ. ಅಲ್ಲಿನ ತಡ್ಲಕ್ತ್ ಗೋಡೆಗಳನ್ನು ಮುಟ್ಟಿ ನೋಡಬೇಕು. ಸುಣ್ಣದ ಗಾರೆಯನ್ನು ನುಣುಪು ಕಲ್ಲಿನಿಂದ ಉಜ್ಜಿ, ಸಾಬೂನು ತಿಕ್ಕಿ ನೀರು ಹೀರದಂತೆ ಮಾಡುವ ಹಳೆಯ ವಿದ್ಯೆ ಅದು.

ಹೊಸ ವಿದ್ಯೆ ಕಡಲಿನೆದುರು ಅಷ್ಟು ತಾಳಲಿಲ್ಲ. ಉಪ್ಪುನೀರು ಕಾಂಕ್ರೀಟಿನೊಳಗಿನ ಉಕ್ಕನ್ನು ತಿಂದು, 2000ದ ದಶಕದಲ್ಲೇ ಭಾರಿ ದುರಸ್ತಿ ಬೇಕಾಯಿತು. ಹೋಗುವವರು ಹೊರಗಿನ ಅಂಗಳದ ಕಾರಂಜಿಗಳ ಬಳಿಯೂ ಸ್ವಲ್ಪ ಹೊತ್ತು ನಿಲ್ಲಿ. ಜೆಲ್ಲೀಜ್ ಅಲ್ಲಿಯೂ ಧಾರಾಳವಾಗಿದೆ. ಟಿಕೆಟ್ಟೂ ಬೇಡ, ಮಾರ್ಗದರ್ಶಿಯ ಅವಸರವೂ ಇಲ್ಲ.